ಮೂರು ದಾರಿಯ ಗಡಿಗೆ

ಕಬ್ಬೂರಿನ ಹೊರಗೆ ಅಣ್ಣಾಸಾಬರದೊಂದು ಸಣ್ಣ ಡೇರಿ ಇತ್ತು. ಅಲ್ಲಿ ತಾರವ್ವ ಹಾಲಿನ ಫ್ಯಾಟು ನೋಡುತ್ತಿದ್ದಳು, ಸತ್ಯಪ್ಪ ಕ್ಯಾನು ಇಳಿಸಿಕೊಳ್ಳುತ್ತಿದ್ದ. ಇಬ್ಬರ ನಡುವೆ ಇದ್ದದ್ದು ಒಂದು ಮೇಜು. ಆದರೆ ಯುಗಾದಿಯಿಂದೀಚೆಗೆ ಒಬ್ಬರಿಗೊಬ್ಬರು ಮಾತಾಡಿರಲಿಲ್ಲ. ಸತ್ಯಪ್ಪನ ಮನೆಯ ಹಾಲಿಗೆ ಫ್ಯಾಟು ಕಡಿಮೆ ಬಂದ ದಿನ ತಾರವ್ವ ಸಾಲಿನಲ್ಲಿ ನಿಂತವರೆಲ್ಲರ ಮುಂದೆ ಅವನ ಹೆಂಡತಿಗೆ, "ಎಮ್ಮಿ ಹಿಂಡಿಯೋ, ಬಾವಿ ಸೇದಿಯೋ?" ಎಂದುಬಿಟ್ಟಿದ್ದಳು.

ಅಂದಿನಿಂದ ಅವರ ಮಾತೆಲ್ಲ ಟೆಂಪೋ ಡ್ರೈವರ್ ವಿಠೋಬಾನ ಬಾಯಿಂದಲೇ ಹೋಗಿಬರುತ್ತಿತ್ತು.

"ವಿಠೋಬಾ, ಕ್ಯಾನ ನೆಟ್ಟಗ ತೊಳದಿಲ್ಲಂತ ಹೇಳ ಅವಗ."

"ಕಣ್ಣಿಗಿ ಔಷಧ ಹಾಕ್ಕೊ ಅಂತ ಹೇಳಪಾ ಆಕಿಗಿ."

ಒಂದು ಮೇಜಿನ ಆಚೀಚೆಯ ಈ ಮಾತಿಗೆ ವಿಠೋಬಾ ನಡುವೆ ತನ್ನದೂ ಒಂದಿಷ್ಟು ಖಾರ ಹಚ್ಚಿ ಮುಟ್ಟಿಸುತ್ತಿದ್ದ.

ತೊಂಬತ್ನಾಲ್ಕರ ಬೇಸಿಗೆಯಲ್ಲಿ ಒಂದು ದಿನ ವಿಠೋಬಾ ಸೋದರಳಿಯನ ಮದುವೆಗೆಂದು ಅಥಣಿಗೆ ಹೋಗಿದ್ದ. ಅಂದೇ ಒಂದು ಕ್ಯಾನಿನ ಹಾಲು ಹುಳಿ ನಾತ ಹೊಡೆಯಿತು. ಸತ್ಯಪ್ಪನಿಗೆ ಗೊತ್ತಾಯಿತು, ಆದರೆ ಹೇಳಿ ಕಳಿಸಲು ಆಳಿಲ್ಲ. ಅವನು ಜೋರಾಗಿ ಕೆಮ್ಮಿದ. ಸತ್ಯಪ್ಪನ ಕೆಮ್ಮಿಗೆ ತಾರವ್ವ ಯಾಕೆ ತಿರುಗಿ ನೋಡಬೇಕು? ತಾರವ್ವ ಆ ಕ್ಯಾನನ್ನೂ ದೊಡ್ಡ ಟಾಕಿಗೆ ಸುರಿಸಿದಳು, ಟಾಕಿಯ ಹಾಲೆಲ್ಲ ಒಡೆಯಿತು.

"ಇಬ್ಬರೊಳಗ ಒಬ್ಬರನ್ನ ಪಾಲಬಾವಿ ಸೆಂಟರಿಗೆ ಒಗೀತೀನಿ," ಎಂದರು ಅಣ್ಣಾಸಾಬರು. ಸತ್ಯಪ್ಪ ದೂರದಿಂದ ಅವರಿಗೆ ಬೀಗ. ಹಾಗಾಗಿ ಆ ದೂರದ ಊರಿಗೆ ಒಗೆಸಿಕೊಳ್ಳುವವರು ಯಾರು ಎಂಬುದನ್ನು ಯಾರೂ ಕೇಳಲಿಲ್ಲ.

ತಾರವ್ವ ಮ್ಯಾನೇಜರ್ ಬಾಹುಬಲಿಯ ಹತ್ತಿರ ಬಂದು ನಿಂತಳು. "ಸಾಹೇಬ್ರ, ನನ್ನ ಎಮ್ಮಿ ಬ್ಯಾರೆ ಯಾರ ಕೈಗೂ ತೊರಿ ಬಿಡೂದಿಲ್ರಿ, ಹಾಲ ಇಳಸೂದಿಲ್ರಿ. ನಾ ಪಾಲಬಾವಿಗಿ ಹೋದ್ರ ಅದನ್ನ ಮಾರಬೇಕಾಗ್ತೈತಿ. ಎಂಟು ದಿನದಾಗ ಈಯೋದು ಐತ್ರಿ ಅದು."

ಬಾಹುಬಲಿ ನಿಪ್ಪಾಣಿಯ ಹುಡುಗ. ಆಗಷ್ಟೇ ಪುಣೆಯಲ್ಲಿ ತರಬೇತಿ ಮುಗಿಸಿ ಬಂದಿದ್ದ. ಒಂದೇ ಕಡೆ ಕೆಲಸ ಮಾಡುವವರಲ್ಲಿ ಹೊಂದಾಣಿಕೆ ತರಲು ಅಲ್ಲಿ ನಿಧಿ ಹುಡುಕುವ ಆಟ ಆಡಿಸಿದ್ದರು. ಅಣ್ಣಾಸಾಬರಿಂದ ಅವನು ಒಂದು ದಿನದ ವಾಯಿದೆ ಬೇಡಿಕೊಂಡ.

ಮರುದಿನ ಮಧ್ಯಾಹ್ನ ಇಬ್ಬರನ್ನೂ ಕರೆದು, ಚೀಟಿ ಹುಡುಕುತ್ತ ಹೋಗಬೇಕು, ಕೊನೆಗೆ ನಿಧಿ ಸಿಗುತ್ತದೆ, ಇಬ್ಬರೂ ಕೂಡಿಯೇ ತರಬೇಕು ಎಂದು ತಿಳಿಸಿ ಹೇಳಿದ.

"ನಿಧಿ ಸಿಕ್ರ ಸರಕಾರಕ್ಕ ಕೊಡಬೇಕಲ್ರಿ?" ಎಂದ ಸತ್ಯಪ್ಪ.

"ಇದು ಆಟದ ನಿಧಿ, ಮಾರಾಯಾ."

"ಆಟ ಆಡೂ ವಯಸ್ಸ ಮುಗೀತಂತ ಹೇಳ ವಿಠೋಬಾ, ಅವಗ," ಎಂದಳು ತಾರವ್ವ, ಅಥಣಿಯಿಂದ ಇನ್ನೂ ಬಾರದ ವಿಠೋಬಾನಿಗೆ. ಆದರೂ ಎಮ್ಮೆ ನೆನಪಾಗಿ ಸೆರಗು ಸಿಕ್ಕಿಸಿ ಎದ್ದಳು.

ಮೊದಲ ಚೀಟಿ ಬೇವಿನ ಬುಡದಲ್ಲಿ, ಎರಡನೆಯದು ಪಂಪಿನ ಮನೆಯಲ್ಲಿ ಸಿಕ್ಕಿತು. ಓದುತ್ತಿದ್ದವಳು ತಾರವ್ವ, ಹುಡುಕುತ್ತಿದ್ದವನು ಸತ್ಯಪ್ಪ. ಅವಳು ಗಾಳಿಗೆ ಓದಿ ಹೇಳುವಳು, ಅವನು ಗಾಳಿಯಿಂದಲೇ ಕೇಳಿಸಿಕೊಳ್ಳುವನು. ಕೊನೆಯ ಚೀಟಿ, ಮೂರು ದಾರಿ ಕೂಡುವಲ್ಲಿಗೆ ಹೋಗಿರಿ ಎಂದಿತ್ತು.

ಹೋದರು. ಹೋಗಿ, ಹತ್ತು ಹೆಜ್ಜೆ ಹಿಂದೆಯೇ ಗಕ್ಕನೆ ನಿಂತರು.

ಕಾಲುವೆಯ ಬದಿಯಲ್ಲಿ, ಮೂರು ದಾರಿ ಕೂಡುವ ನಟ್ಟನಡುವೆ ಒಂದು ಹೊಸ ಗಡಿಗೆ ಇತ್ತು. ಬಾಯಿಗೆ ಕೆಂಪು ಬಟ್ಟೆ ಬಿಗಿದಿತ್ತು. ಮನೆಗೆ ಹಿಡಿದ ಪೀಡೆಯನ್ನು ಇಳಿಸಿ ಇಂಥದೇ ಗಡಿಗೆಯಲ್ಲಿ ಕಟ್ಟಿ, ಇಂಥದೇ ಜಾಗದಲ್ಲಿ ಇಟ್ಟು ಬರುವುದು ಆ ಕಡೆಯ ರೂಢಿ. ಅದನ್ನು ದಾಟಿದವರಿಗೆ ಪೀಡೆ ಅಂಟಿಕೊಳ್ಳುತ್ತದೆ. ಬಾಹುಬಲಿಯ ಅವ್ವನೂ ಬಲ್ಲ ಸಂಗತಿ ಇದು. ಆದರೆ ನಿಧಿಯನ್ನು ಎಲ್ಲರ ಕಣ್ಣಿಗೆ ಬೀಳುವ ಹಾಗೆ ಇಡಬೇಕೆಂದು ಪುಣೆಯವರು ಹೇಳಿದ್ದರಲ್ಲ, ಆ ಗಡಿಬಿಡಿಯಲ್ಲಿ ಅವನಿಗೆ ಅವ್ವ ನೆನಪಾಗಿರಲಿಲ್ಲ.

ತಾರವ್ವನ ಕಾಲು ಒಂದು ಹೆಜ್ಜೆ ಮುಂದೆ ಹೋಯಿತು.

"ಏ ತಾರವ್ವ! ದಾಟಬ್ಯಾಡ ಬೇ!" ಎಂದು ಸತ್ಯಪ್ಪ ಕೂಗಿದ.

ತಾರವ್ವ ತಿರುಗಿ ನೋಡಿದಳು. "ಅದನ್ನ ಯಾರ ಇಟ್ಟಾರ?"

"ಯಾರರ ಇಟ್ಟಿರ್ಲಿ. ಸಂಜಿಗಿ ಹಾಲಿನ ಮಂದಿ ಎಲ್ಲಾ ಇದ ದಾರ್ಯಾಗ ಬರ್ತಾರ. ನಿನ್ನ ಎಮ್ಮೀನೂ ಇದ ದಾರಿಲೆ ಮನಿಗಿ ಬರ್ತೈತಿ."

ಎಮ್ಮೆಯ ಮಾತು ಬಂದದ್ದೇ ತಾರವ್ವ ಪಕ್ಕದ ಗದ್ದೆಯಿಂದ ಎರಡು ಕಬ್ಬು ಮುರಿದು ತಂದಳು. ಕೈಯಿಂದ ಮುಟ್ಟುವಂತಿಲ್ಲ, ಕಬ್ಬಿನಿಂದ ಉರುಳಿಸಿ ಕಾಲುವೆಗೆ ಬಿಡಬೇಕು. ಒಬ್ಬರೇ ನೂಕಿದರೆ ಗಡಿಗೆ ಸುತ್ತು ಹೊಡೆದು ಕಾಲಿಗೇ ಬರುತ್ತಿತ್ತು.

"ನಿನ್ನ ಕಡೆ ಬಂತ ನೋಡ, ತಡಿ!"

"ನೀ ಸ್ವಲ್ಪ ಸಾವಕಾಶ ನೂಕು, ಸತ್ಯಪ್ಪಣ್ಣ. ಟೆಂಪೋ ಅಲ್ಲ ಅದು!"

"ಒಳಗ ಏನೋ ಖಣಖಣ ಅನ್ನಾಕತ್ತೈತಿ ಬೇ."

"ಎಲುವಿರಬೇಕು. ನೂಕು, ನೂಕು!"

ಅವರ ಹಿಂದೆಯೇ ಬಂದು ಮರದ ಮರೆಯಲ್ಲಿ ನಿಂತ ಬಾಹುಬಲಿಗೆ ಆ ಖಣಖಣ ಕೇಳಿಸಿತು. ನಿಧಿಯೆಂದು ನಿಪ್ಪಾಣಿಯ ಪೇಟೆಯಲ್ಲಿ ಅವನೇ ಆರಿಸಿ ತಂದಿಟ್ಟ ಎರಡು ಸ್ಟೀಲಿನ ಊಟದ ಡಬ್ಬಿಗಳು. ಕೂಗಿದರೆ ಡಬ್ಬಿ ಉಳಿಯುತ್ತವೆ, ಆದರೆ ಅವರ ಮಾತು ಅಲ್ಲಿಗೇ ನಿಲ್ಲುತ್ತದೆ. ಅವನು ಮರಕ್ಕೆ ಇನ್ನಷ್ಟು ಒತ್ತಿ ನಿಂತ. ಗಡಿಗೆ ದಂಡೆಯಿಂದ ಜಾರಿ ಗುಳುಂ ಎಂದಿತು. ಇಬ್ಬರೂ ಕಬ್ಬನ್ನೂ ನೀರಿಗೆ ಎಸೆದು, ಹಿಂದಕ್ಕೆ ನೋಡದೆ ಬಿರಬಿರನೆ ನಡೆದು ಬಂದರು.

"ನಿಧಿಗಿಧಿ ಏನೂ ಇಲ್ರಿ ಸಾಹೇಬ್ರ," ಎಂದಳು ತಾರವ್ವ. "ಇದ್ದದ್ದು ಪೀಡಾ. ಕಳದು ಬಂದೇವಿ."

"ಬರಾಬರ್ ಹೇಳಿದಳ್ರಿ," ಎಂದ ಸತ್ಯಪ್ಪ.

ಬಾಹುಬಲಿ, "ಛಲೋ ಆತು," ಎಂದ.

ಸಂಜೆ ಅಣ್ಣಾಸಾಬರು ಬಂದಾಗ ಡೇರಿಯಲ್ಲಿ ಗದ್ದಲವೋ ಗದ್ದಲ.

"ಈ ಕ್ಯಾನಿಗಿ ಮೂಗ ಹಚ್ಚಿ ನೋಡೀದಿಯಿಲ್ಲೋ?"

"ನೋಡೇನಿ. ನಿನಗೂ ದೇವರು ಮೂಗ ಕೊಟ್ಟಾನಲ್ಲಾ, ಬರೇ ಮೂಗುಬಟ್ಟಿಗಷ್ಟ ಇಟ್ಟಿ ಏನ?"

"ಮತ್ತ ನಿನ್ನ ಹೇಣ್ತಿಗಿ ಹೇಳ, ನಾಳೆ ತಾನ ಹಾಲ ತಗೊಂಡ ಬಾ ಅಂತ. ಆಕೀ ಎದರಿಗೇ ಫ್ಯಾಟು ನೋಡ್ತೀನಿ."

"ನೀನ ಹೇಳ ಹೋಗ. ನಾ ಏನ ವಿಠೋಬಾ ಏನ?"

ಅಣ್ಣಾಸಾಬರು ಟೋಪಿ ತೆಗೆದು ಬೆವರು ಒರೆಸಿಕೊಂಡರು. "ಏನೋ ಬಾಹುಬಲಿ, ಇವರು ಮಾತಾಡೂದಿಲ್ಲ ಅಂದಿದ್ದೆಲ್ಲೋ?"

"ಈಗ ಬಿಡೂದಿಲ್ರಿ, ಮಾಲಕ್ರ."

"ಮತ್ತ ಪಾಲಬಾವಿಗಿ ಯಾರನ್ನ ಕಳಸೂದು?"

ತಾರವ್ವನ ಕೈಯಲ್ಲಿದ್ದ, ಫ್ಯಾಟು ನೋಡುವ ಗಾಜಿನ ನಳಿಗೆ ಅಲ್ಲಾಡದೆ ನಿಂತಿತು. ಸತ್ಯಪ್ಪ ಕ್ಯಾನು ಕೆಳಗಿಟ್ಟು ಮಾಲಕರ ಕಡೆ ತಿರುಗಿದ.

"ಈಕೀನ ಕಳಸಿದ್ರ ನನ್ನನ್ನೂ ಕಳಸಬೇಕಾಗ್ತೈತಿ, ಬೀಗರ. ಹೊಸಬರ ಕೂಡ ನನಗ ಜಗಳಾಡಾಕ ಬರೂದಿಲ್ಲ."

ಅಣ್ಣಾಸಾಬರು ಒಬ್ಬರನ್ನು ಬಿಟ್ಟು ಒಬ್ಬರ ಮುಖ ನೋಡಿದರು. "ಹಂಗಾದ್ರ ಯಾರೂ ಹೋಗೂದು ಬ್ಯಾಡ. ಸಾಲು ಬೆಳೀತು, ಮದಲ ಹಾಲ ತಗೋರಿ," ಎಂದು ಟೋಪಿ ಹಾಕಿಕೊಂಡರು.

ತಾರವ್ವ ನಳಿಗೆಯನ್ನು ಬೆಳಕಿಗೆ ಹಿಡಿದು ಮುಂದಿನವರನ್ನು ಕರೆದಳು.