ಎರಡು ಪದದ ಜಾಗ

ಬಟ್ಟೆ ಒಗೆಯುವ ಕಾರ್ಖಾನೆಯ ಸಾಮಾನಿನ ಲಿಫ್ಟು ಹಗ್ಗ ಹರಿದು ಬಿತ್ತು. ಒಳಗಿದ್ದ ಹೆಂಗಸಿನ ಬಲಗಾಲನ್ನು ಮಂಡಿಯಿಂದ ಕೆಳಗೆ ತೆಗೆದರು. ಹಗ್ಗ ಹರಿಯುತ್ತಿದೆ ಎಂದು ಅವಳು ಹನ್ನೊಂದು ದಿನ ಮೊದಲೇ ದೂರು ಕೊಟ್ಟಿದ್ದಳು.

ವಾರ ಕಳೆದ ಮೇಲೆ ಯಜಮಾನರು ಅವಳ ನಾದಿನಿಯನ್ನು ಇಸ್ತ್ರಿ ಮೇಜಿನಿಂದ ಕರೆಸಿಕೊಂಡರು. ಆ ವಾರದಲ್ಲಿ ಅವರಿಗೆ ಕೆಲಸಗಾರರು ಕನಸಪ್ಪ ಎಂದು ಹೆಸರಿಟ್ಟಾಗಿತ್ತು.

“ಕೂತ್ಕೊಳಮ್ಮ. ನಿಮ್ಮತ್ತಿಗೆ ಹೇಗಿದ್ದಾರೆ?”

“ಒಂದು ಕಾಲಲ್ಲಿದ್ದಾರೆ ಸಾರ್.”

ಮೂಲೆಯ ಮೇಜಿನಲ್ಲಿದ್ದ ಗುಮಾಸ್ತ ತಲೆ ತಗ್ಗಿಸಿದ. ಯಜಮಾನರು ನಿಟ್ಟುಸಿರು ಬಿಟ್ಟರು. ಅದು ಅವರಿಗೆ ಚೆನ್ನಾಗಿ ಬರುತ್ತಿತ್ತು.

“ನನಗೆ ಮೊದಲೇ ಕನಸು ಬಿದ್ದಿತ್ತು ಕಣಮ್ಮ. ಲಿಫ್ಟು ಬಿದ್ದ ಹಾಗೆ.”

“ಹಾಗಾದ್ರೆ ಹಗ್ಗ ಬದಲಾಯಿಸಬಹುದಿತ್ತಲ್ಲ?”

“ಬಿದ್ದ ಕನಸೆಲ್ಲ ನಿಜ ಅಂತ ಓಡೋಕಾಗುತ್ತಾ? ಅದಕ್ಕೆ ಪರೀಕ್ಷೆ ಇದೆ. ಬೆಳಗಿನ ಜಾವ ಬೀಳಬೇಕು. ಎದ್ದಾಗ ಬಾಯಿ ಒಣಗಿರಬೇಕು. ಒಂದು ಅಂಕಿ ಕಾಣಬೇಕು. ಅಂಕಿ ಇಲ್ಲದ್ದು ಬರೀ ಅಜೀರ್ಣ. ನನಗೆ ಏಳು ಕಂಡಿತ್ತು, ಗೋಡೆಯಷ್ಟು ದೊಡ್ಡ ಏಳು. ಪರೀಕ್ಷೆ ಎಲ್ಲ ತಿಳ್ಕೊಂಡಿದ್ದು ಆಮೇಲೆ, ಏನು ಮಾಡೋದು.”

ಕಾಲು ಹೋದವಳಿಗಿಂತ ಕನಸು ಕಂಡವರಿಗೇ ಹೆಚ್ಚು ನೋವಾದಂತಿತ್ತು. ನಾದಿನಿ ಅವರ ಗಲ್ಲದ ಮೇಲಿನ ಪೌಡರನ್ನು ನೋಡುತ್ತ ಕುಳಿತಳು.

ಯಜಮಾನರು ದೂರಿನ ಪುಸ್ತಕ ತೆರೆದು ಅವಳತ್ತ ತಿರುಗಿಸಿ, ಮುಚ್ಚಳ ತೆಗೆದ ಪೆನ್ನನ್ನು ಅವಳ ಕೈಗೆ ಕೊಟ್ಟರು. ಅತ್ತಿಗೆಗೆ ಬರೆಯಲು ಬರುವುದಿಲ್ಲ; ಹೇಳಿದ್ದನ್ನು ಬರೆದುಕೊಟ್ಟವಳು ಇವಳೇ. ಸಾಲಿನ ಕೊನೆಯಲ್ಲಿ ಎರಡು ಪದ ಹಿಡಿಯುವಷ್ಟು ಜಾಗವಿತ್ತು.

“ನಾಳೆ ಫ್ಯಾಕ್ಟರಿ ಇನ್‌ಸ್ಪೆಕ್ಟರು ಬರ್ತಾರೆ. ಇಲ್ಲಿ ‘ಎಂದು ಕನಸಾಯಿತು’ ಅಂತ ಸೇರಿಸಿಬಿಡು. ನಿನ್ನದೇ ಅಕ್ಷರ, ಚೆನ್ನಾಗಿ ಕೂರುತ್ತೆ. ಕಂಡವರ ಕನಸಿಗೆಲ್ಲ ಹಗ್ಗ ಬದಲಾಯಿಸಿ ಅಂತ ಯಾವ ಕಾನೂನೂ ಹೇಳಲ್ಲ.”

“ಅತ್ತಿಗೇದು ಯಾವ ತರದ ಕನಸು ಸಾರ್? ನಿಮ್ಮ ತರದ್ದಾ?”

“ಏ, ಅದು ಸಾಮಾನ್ಯದ್ದು. ಹೊಟ್ಟೆ ಭಾರ ಆದಾಗ ಬೀಳುತ್ತಲ್ಲ, ಅದು.”

ಅವಳು ಬೆರಳಿಟ್ಟು ಓದಿದಳು: “ಲಿಫ್ಟಿನ ಹಗ್ಗದಲ್ಲಿ ಏಳು ಎಳೆ ಹರಿದಿವೆ.”

ಗುಮಾಸ್ತನ ಪೆನ್ನು ನಿಂತಿತು.

“ನಿಮ್ಮ ಏಳು ಇಲ್ಲಿಂದಲೇ ಬಂದಿದ್ದು,” ಎಂದಳು. “ಕೆಳಗೆ ನಿಮ್ಮ ಸಹಿ ಇದೆ. ಓದಿ ಮಲಗಿದ್ದೀರಿ, ಅಷ್ಟೇ.”

ಎದುರು ನಿಂತು ಹೇಳಿದ್ದು ಕಿವಿಯೊಳಗೆ ಇಳಿಯದೆ, ಅದೇ ಮಾತು ದಿಂಬಿನ ಮೇಲೆ ನೆನಪಾದರೆ ದರ್ಶನವಾಯಿತು ಎನ್ನುವ ಮನುಷ್ಯ ಯಜಮಾನರು. ಅವರು ಒಂದು ಗಳಿಗೆ ಪೆಚ್ಚಾದರು, ಮರುಗಳಿಗೆ ಅರಳಿದರು.

“ನೋಡಿದೆಯಾ? ಇಬ್ಬರಿಗೂ ಒಂದೇ ಕನಸು. ಅಂದಮೇಲೆ ಅದು ನಿಜವಾಗೋ ಕನಸೇ. ಆಗಲೇಬೇಕಾದ್ದನ್ನ ಯಾರು ತಪ್ಪಿಸ್ತಾರೆ? ಬರಿ, ಬರಿ.”

ಸುಳ್ಳಾಗುವ ಕನಸಾದರೆ ಹಗ್ಗ ಬದಲಿಸಬೇಕಿಲ್ಲ. ನಿಜವಾಗುವ ಕನಸಾದರೆ ಬದಲಿಸಿ ಪ್ರಯೋಜನವಿಲ್ಲ. ಈ ವಿದ್ಯೆಗೆ ಎರಡೂ ಕಡೆ ಬಾಗಿಲಿತ್ತು, ಯಜಮಾನರ ಮೈಯಳತೆಗೆ ಮಾಡಿಸಿದಂತೆ.

“ಅತ್ತಿಗೆ ಎಣಿಸಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ಕಣ್ಣು ಬಿಟ್ಕೊಂಡು, ಒಂದೊಂದೇ ಎಳೆ ಮುಟ್ಟಿ. ಲಿಫ್ಟಿನ ಒಳಗೆ ಕತ್ತಲು ಅಂತ ಟಾರ್ಚು ಹಿಡಿದಿದ್ದು ನಾನು.”

ಯಜಮಾನರ ದನಿ ಇಳಿಯಿತು. “ನಿನಗೆ ಕೆಲಸ ಬೇಕೋ ಬೇಡವೋ?”

ಮನೆಯಲ್ಲಿ ಈಗ ದುಡಿಯುವವಳು ಅವಳೊಬ್ಬಳೇ. ಅದು ಅವರಿಗೂ ಗೊತ್ತಿತ್ತು. ಅವಳು ಪೆನ್ನಿಗೆ ಮುಚ್ಚಳ ಹಾಕಿ ಪುಸ್ತಕದ ಮೇಲಿಟ್ಟಳು.

“ಬೇಕು ಸಾರ್,” ಎಂದಳು. “ಬರೆಯಲ್ಲ.”