ಹಂಡೆಯಲ್ಲಿ ಏನಿದೆ?

ಹಲಸೂರು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ರಾಮಾಂಜಿನಪ್ಪನವರ ಹೀಟರ್ ಅಂಗಡಿಯಿದೆ. ಬಾಗಿಲ ಮೇಲಿನ ಹಲಗೆಯಲ್ಲಿ ಅಂಗಡಿಯ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ, 'ಕಾಯಿಸುವುದು ಏನನ್ನು ಎಂದು ಮೊದಲು ಹೇಳಿ. ಹೀಟರನ್ನು ಆಮೇಲೆ ಕೇಳಿ' ಎಂದು ಬರೆಸಿದ್ದಾರೆ. ಸಾಮಾನು ಖರ್ಚಾದರೆ ಸಾಕು, ಕೊಂಡವನ ಮನೆ ಹೊತ್ತಿ ಉರಿದರೂ ತನಗೇನು ಎನ್ನುವ ವ್ಯಾಪಾರಿಗಳು ತುಂಬಿರುವ ಈ ಊರಿನಲ್ಲಿ ಅಂಥದೊಂದು ಹಲಗೆ ಇರುವುದೇ ಸಮಾಧಾನದ ಸಂಗತಿ. 'ಎಷ್ಟು ಕಿಲೋವ್ಯಾಟ್?' ಎಂದಷ್ಟೇ ಕೇಳಿ ಹೀಟರ್ ಕಟ್ಟಿಕೊಡುವುದು, ರೋಗಿಯ ತೂಕವನ್ನಷ್ಟೇ ಕೇಳಿ ಔಷಧಿ ಕೊಟ್ಟಂತೆ. ಅದನ್ನು ವ್ಯಾಪಾರವೆಂದು ಕರೆಯುವುದು ಆ ಪದಕ್ಕೆ ಮಾಡುವ ಅವಮಾನ.

ಆ ದಿನ ಬೆಳಿಗ್ಗೆ ಶಿವಾಜಿನಗರದ ನೂರ್ಜಹಾನ್ ತಮ್ಮ ಮಗ ಫೈಸಲ್‌ನೊಂದಿಗೆ ಅಂಗಡಿಗೆ ಬಂದು, ಹಳೆಯ ಟವೆಲಿನಲ್ಲಿ ಸುತ್ತಿ ತಂದಿದ್ದ ಹೀಟರನ್ನು ಗಾಜಿನ ಮೇಜಿನ ಮೇಲೆ ದಡಕ್ಕನೆ ಇಟ್ಟರು. ಅದರ ಉಕ್ಕಿನ ಸರಳಿಗೆ ಇದ್ದಿಲಿನಂಥ ಕಪ್ಪು ಹಕ್ಕಳೆ ಮೆತ್ತಿಕೊಂಡಿತ್ತು.

"ನೋಡಿ ಅಣ್ಣಾ, ನಿಮ್ಮ ಸಾಮಾನು! ಹೊಸದು ಅಂತ ಕೊಟ್ರಿ. ಇಡೀ ಹಂಡೆ ಸೀದು ಹೋಯ್ತು. ವಾಸನೆ ತಡೆಯಕ್ಕಾಗಲ್ಲ."

"ಏನು ಕಾಯಿಸ್ತೀರ ಅಂತ ಕೇಳಿದ್ನಲ್ಲಮ್ಮ. ನೀರು ಅಂದ್ರಿ."

ನೂರ್ಜಹಾನ್ ಟವೆಲನ್ನು ಮಡಿಸತೊಡಗಿದರು. ನೀರು ಎಂದು ಅವರು ಹೇಳಿದ್ದು ನಿಜ. ಹಂಡೆಯಲ್ಲಿದ್ದದ್ದು ನೀರಲ್ಲ ಎಂಬುದೂ ಅಷ್ಟೇ ನಿಜ. ಅವರದು ತಲೆಗೂದಲಿನ ಎಣ್ಣೆ ಕಾಯಿಸುವ ಮನೆತನ. ಅತ್ತೆಯ ಕಾಲದಿಂದ ಶಿವಾಜಿನಗರದ ಮನೆಯ ಹಿತ್ತಲಿನಲ್ಲಿ ಸೌದೆಯ ಒಲೆಯ ಮೇಲೆ ಕಾಯುತ್ತಿದ್ದ ಎಣ್ಣೆಗೆ ಈಗ ಕೆ.ಆರ್. ಪುರದ ಬಾಡಿಗೆಯ ಶೆಡ್ಡೇ ಗತಿಯಾಗಿತ್ತು. ಅಲ್ಲಿ ಬೆಂಕಿ ಹಚ್ಚಕೂಡದೆಂದು ಶೆಡ್ಡಿನ ಮಾಲೀಕರು ಖಂಡಿತವಾಗಿ ಹೇಳಿದ್ದರು. ಕರೆಂಟಿನಲ್ಲಿ ಎಣ್ಣೆ ಹದಕ್ಕೆ ಬಂದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಅತ್ತೆಯ ಎಣ್ಣೆ ನೂರ್ಜಹಾನರ ಕೈಯಲ್ಲೇ ಕೊನೆಯಾಗುತ್ತದೆ. ಆದರೆ ಅತ್ತೆ ಎಣ್ಣೆಯ ಜೊತೆಗೆ ಒಂದು ಕಟ್ಟಳೆಯನ್ನೂ ಬಿಟ್ಟುಹೋಗಿದ್ದರು: ಹಂಡೆಯಲ್ಲಿ ಏನಿದೆ ಎಂಬುದನ್ನು ಹೊಸ್ತಿಲಿನಾಚೆ ಯಾರಿಗೂ ಹೇಳಬಾರದು.

ರಾಮಾಂಜಿನಪ್ಪನವರು ಹಕ್ಕಳೆಯನ್ನು ಉಗುರಿನಿಂದ ಕೆರೆದು ಮೂಗಿನ ಬಳಿ ಹಿಡಿದರು. ಅವರ ಮುಖ ಕೆಂಪಾಯಿತು. ತಪ್ಪು ತಮ್ಮದಲ್ಲ ಎಂದು ಖಚಿತವಾದಾಗ ಸಜ್ಜನರಿಗೂ ದನಿ ಏರುತ್ತದೆ.

"ಇದು ನೀರೇನಮ್ಮ? ನೀರು ಯಾವತ್ತಾದ್ರೂ ಸೀಯುತ್ತಾ? ಇದು—"

"ರೀ!" ಎಂದರು ಬಿಲ್ಲು ಬರೆಯುತ್ತಿದ್ದ ಅವರ ಹೆಂಡತಿ ಆದಿಲಕ್ಷ್ಮಿ. "ಬಾಯಿ ಮುಚ್ಕೊಂಡು ಒಳಗೆ ಬನ್ನಿ. ನೀವೂ ಬನ್ನಿ ನೂರ್ಜಹಾನಮ್ಮ."

ಅಂಗಡಿಯ ಬೆಂಚಿನ ಮೇಲೆ ಅಂದು ಮಾರತ್ತಹಳ್ಳಿಯ ಹೋಟೆಲಿನವರೊಬ್ಬರು ಕೂತು ಎಲ್ಲವನ್ನೂ ಆಸಕ್ತಿಯಿಂದ ಕೇಳಿಸಿಕೊಳ್ಳುತ್ತಿದ್ದರು. ಎಲ್ಲರೂ ಹಿಂದಿನ ಕೋಣೆಗೆ ಬಂದ ಮೇಲೆ ಆದಿಲಕ್ಷ್ಮಿ ಬಾಗಿಲು ಮುಚ್ಚಿದರು.

"ಅವತ್ತು ಇವರು ಬಂದಾಗ ಬೆಂಚ್ ಮೇಲೆ ಯಾರು ಕೂತಿದ್ರು, ಜ್ಞಾಪಕ ಇದ್ಯಾ ನಿಮಗೆ?"

"ಯಾರೋ. ಥರ್ಮೋಸ್ಟಾಟ್ ರಿಪೇರಿಗೆ ಬಂದಿದ್ರು."

"ವಾಜಿದ್ ಸಾಬ್ರು. ಇವರ ಬೀದಿಯಲ್ಲೇ ಅತ್ತರು, ಎಣ್ಣೆ ಮಾರೋರು. ಅವರ ಕಿವಿ ಮುಂದೆ ನಿಂತ್ಕೊಂಡು, ಏನಮ್ಮ ಕಾಯಿಸ್ತೀಯ ಅಂತ ಕೂಗಿ ಕೇಳಿದ್ರಿ. ಡಾಕ್ಟ್ರೂ ಪರದೆ ಎಳೆದು ಕೇಳ್ತಾರಲ್ರೀ. ನೀವು ಬಸ್‌ಸ್ಟ್ಯಾಂಡಲ್ಲಿ ಕೇಳಿದ ಹಾಗೆ ಕೇಳಿದ್ರೆ ಯಾರು ನಿಜ ಹೇಳ್ತಾರೆ?"

ಸತ್ಯವನ್ನು ಕೇಳುವವನಿಗೆ, ಅದನ್ನು ಹೇಳಲು ತಕ್ಕ ಜಾಗ ಮಾಡಿಕೊಡುವ ಹೊಣೆಯೂ ಇರುತ್ತದೆ. ಆ ಹೊಣೆ ಹೊರದೆ ಹಲಗೆಯನ್ನಷ್ಟೇ ನೇತುಹಾಕಿದರೆ ಅದು ಅರ್ಧ ಧರ್ಮ. ಹಾಗೆಂದು ಸುಳ್ಳು ಸತ್ಯವಾಗುವುದಿಲ್ಲ. ಬಿಸಿ ಎಣ್ಣೆಯ ಮುಂದೆ ಹೇಳಿದ ಸುಳ್ಳಿಗೆ ಶೆಡ್ಡಿನಲ್ಲಿ ದುಡಿಯುವ ಪ್ರತಿಯೊಬ್ಬನೂ ಬೆಲೆ ತೆರಬೇಕಾಗಿ ಬರಬಹುದಿತ್ತು. ಹಂಡೆ ಬರೀ ಹೊಗೆಯಾಡಿ ನಿಂತದ್ದು ಅವರ ಪುಣ್ಯ. ನೂರ್ಜಹಾನರಿಗೂ ಅದು ತಿಳಿದಿತ್ತು. ಅವರು ಸೆರಗು ಸರಿಪಡಿಸಿಕೊಂಡು ಮೆಲ್ಲಗೆ ಹೇಳಿದರು:

"ಎಣ್ಣೆ ಅಣ್ಣಾ. ಎಳ್ಳೆಣ್ಣೆ. ಸೊಪ್ಪು ಹಾಕ್ತೀನಿ. ಯಾವ ಸೊಪ್ಪು ಅಂತ ಮಾತ್ರ ಕೇಳ್ಬೇಡಿ, ನಮ್ಮತ್ತೆ ಕನಸಲ್ಲಿ ಬಂದು ಬೈತಾರೆ."

"ಯಾವ ಸೊಪ್ಪೋ ನನಗೆ ಬೇಕಿಲ್ಲಮ್ಮ. ಅದು ತೇಲುತ್ತಾ, ಕೆಳಗೆ ಕೂರುತ್ತಾ, ಅಷ್ಟು ಹೇಳಿ."

"ಮೊದಲು ತೇಲುತ್ತೆ. ನೀರಿನಂಶ ಹೋದಮೇಲೆ ಕೂರುತ್ತೆ."

"ಹಾಂ. ನೇರ ಸರಳಿನ ಮೇಲೆ ಕೂತಿದೆ."

ರಾಮಾಂಜಿನಪ್ಪನವರ ಸಿಟ್ಟು ಇಳಿದು ಉತ್ಸಾಹ ಏರಿತು. ಬೆರಳನ್ನೇ ಸರಳು ಮಾಡಿ ತೋರಿಸುತ್ತ ವಿವರಿಸಿದರು. ನೀರು ತೆಳ್ಳಗಿರುತ್ತದೆ, ಸರಳಿನಿಂದ ಬಿಸಿ ಪಡೆದು ಮೇಲೇಳುತ್ತದೆ, ಆ ಜಾಗಕ್ಕೆ ಬೇರೆ ನೀರು ಓಡಿಬರುತ್ತದೆ. ಎಣ್ಣೆಗೆ ಆ ಚುರುಕುತನವಿಲ್ಲ. ಅದು ಸರಳಿಗೆ ಅಂಟಿಕೊಂಡೇ ನಿಲ್ಲುತ್ತದೆ. ಹಂಡೆಯ ನಡುವಿಗಿಳಿಸಿದ ಥರ್ಮಾಮೀಟರ್ ಎಲ್ಲವೂ ಸರಿಯಾಗಿದೆ ಎನ್ನುತ್ತಿರುವಾಗಲೇ ಸರಳಿನ ಮೈಮೇಲಿನ ಎಣ್ಣೆ ಸುಟ್ಟು ಕರಿಯಾಗಿರುತ್ತದೆ. ಆದ್ದರಿಂದ ಒಟ್ಟು ಎಷ್ಟು ಶಾಖ ಎನ್ನುವುದಕ್ಕಿಂತ, ಸರಳಿನ ಒಂದೊಂದು ಚದರ ಅಂಗುಲದಿಂದ ಎಷ್ಟು ಶಾಖ ಹೊರಡುತ್ತದೆ ಎನ್ನುವುದೇ ಮುಖ್ಯ. ನೀರು ತಡೆದುಕೊಳ್ಳುವುದರ ಕಾಲುಭಾಗವನ್ನು ಇಂಥ ಎಣ್ಣೆ ತಡೆದರೆ ಹೆಚ್ಚು.

"ಹಾಗಾದ್ರೆ ಕಮ್ಮಿ ಪವರಿಂದು ಕೊಡಿ ಅಂಕಲ್," ಎಂದ ಫೈಸಲ್.

"ಕಮ್ಮಿ ಮಾಡಿದ್ರೆ ಸಂಜೆ ಆದ್ರೂ ಹಂಡೆ ಕಾಯಲ್ಲಪ್ಪ. ಪವರ್ ಅಷ್ಟೇ ಇರ್ಲಿ, ಸರಳು ಉದ್ದ ಆಗ್ಬೇಕು. ಒಂದು ಮೂಟೆನ ಒಬ್ಬನ ತಲೆ ಮೇಲೆ ಹೊರಿಸಿದ್ರೆ ಕುಸೀತಾನೆ. ನಾಲ್ಕು ಜನ ಹಿಡಿದ್ರೆ ಹಾಡ್ಕೊಂಡು ಹೋಗ್ತಾರೆ."

"ಅಮ್ಮೀ ಬೈಗುಳಾನೂ ಹಂಗೇ ಅಂಕಲ್. ಮನೇಲಿ ನಾನೊಬ್ಬನೇ ಇರೋದು, ಸೀದು ಹೋಗಿದೀನಿ."

"ನಿನಗೆ ಅದೂ ಸಾಲದು, ಸುಮ್ನಿರು!" ಎಂದರು ನೂರ್ಜಹಾನ್. ಆದರೆ ಮುಖದಲ್ಲಿ ನಗೆ ಮೂಡಿತ್ತು.

ಹೊಸ ಹೀಟರ್ ಸಿದ್ಧವಾದ ದಿನ ದಂಪತಿಗಳಿಬ್ಬರೂ ಅದನ್ನು ಆಟೋದಲ್ಲಿಟ್ಟುಕೊಂಡು ಕೆ.ಆರ್. ಪುರಕ್ಕೆ ಹೋದರು. ಉದ್ದನೆಯ ಸರಳನ್ನು ಹಲವು ಸುತ್ತು ಬಾಗಿಸಿ, ಹಂಡೆಯ ತಳಕ್ಕಿಂತ ತುಸು ಮೇಲೆ ಹರಡಿ ನಿಲ್ಲುವಂತೆ ಮಾಡಿದ್ದರು. ಅದರ ಮೇಲೆ ಸೊಪ್ಪು ಬೀಳದಂತೆ ಸ್ಟೀಲಿನ ಜಾಲರಿ. ಹಂಡೆಯ ಬಿಸಿ ನೋಡಲು ಒಂದು ಥರ್ಮೋಸ್ಟಾಟ್ ಇತ್ತು. ಸರಳಿನ ಮೈಯೇ ಮಿತಿ ಮೀರಿ ಕಾದರೆ ಕರೆಂಟು ಕಡಿಯಲು ಬೇರೆಯದೇ ಒಂದು ಇತ್ತು. ರಾಮಾಂಜಿನಪ್ಪನವರು ಅರ್ಥಿಂಗ್ ತಂತಿಯನ್ನು ತಾವೇ ಎಳೆದು ಪರೀಕ್ಷಿಸಿದರು. ಹಂಡೆಯ ಒಳಗೋಡೆಯ ಮೇಲೆ ಒಂದು ಗೆರೆ ಕೊರೆದು, "ಎಣ್ಣೆ ಇದಕ್ಕಿಂತ ಕೆಳಗಿದ್ರೆ ಸ್ವಿಚ್ ಮುಟ್ಬೇಡಿ. ಸರಳು ಯಾವತ್ತೂ ಹೊರಗೆ ಕಾಣ್ಬಾರ್ದು," ಎಂದು ಫೈಸಲ್‌ನ ಬಾಯಲ್ಲಿ ಎರಡು ಸಲ ಹೇಳಿಸಿದರು.

ಎಣ್ಣೆ ಬೆಚ್ಚಗಾಗತೊಡಗಿತು. ಆಗ ನೂರ್ಜಹಾನ್ ಸಂಕೋಚದಿಂದ ಕೆಮ್ಮಿದರು.

"ಅಣ್ಣಾ, ಅಕ್ಕಾ, ಬೇಜಾರು ಮಾಡ್ಕೋಬೇಡಿ. ಸ್ವಲ್ಪ ಹೊರಗೆ ನಿಲ್ತೀರಾ? ಸೊಪ್ಪು ಹಾಕ್ಬೇಕು."

ಹೀಟರ್ ಮಾಡಿದವರು ಹೀಟರಿರುವ ಶೆಡ್ಡಿನಿಂದಲೇ ಹೊರಬಿದ್ದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಫೈಸಲ್ ತಂದುಕೊಟ್ಟ ಚಹಾ ಕುಡಿಯುತ್ತ ರಾಮಾಂಜಿನಪ್ಪನವರು ಗೊಣಗಿದರು: "ಆ ಹಕ್ಕಳೆ ಮೂಸಿದಾಗ್ಲೇ ನನಗೆ ಗೊತ್ತಾಗಿತ್ತು ಕಣೇ, ಯಾವ ಸೊಪ್ಪು ಅಂತ."

"ಗೊತ್ತಿದ್ರೆ ಚಹಾ ಜೊತೆ ನುಂಗ್ಕೊಳ್ಳಿ," ಎಂದರು ಆದಿಲಕ್ಷ್ಮಿ.

ಒಳಗಿನಿಂದ ಕರೆ ಬರುವ ಹೊತ್ತಿಗೆ ನೆರಳು ಗೋಡೆಯ ಬುಡ ಬಿಟ್ಟು ಅಂಗಳಕ್ಕೆ ಚಾಚಿತ್ತು. ಹಂಡೆಯ ಎಣ್ಣೆ ಹಸಿರು ಬೆರೆತ ಜೇನಿನ ಬಣ್ಣಕ್ಕೆ ತಿರುಗಿತ್ತು. ನೂರ್ಜಹಾನ್ ಸ್ವಿಚ್ ಆರಿಸಿ, ಸೌಟಿನಲ್ಲಿ ಸ್ವಲ್ಪ ಎಣ್ಣೆ ತೆಗೆದುಕೊಂಡು ಹಂಡೆಯಿಂದ ದೂರ, ಅಂಗಳಕ್ಕೆ ಬಂದರು. ಹತ್ತಿಯ ಬತ್ತಿಯೊಂದನ್ನು ಅದರಲ್ಲಿ ಅದ್ದಿದರು. ಅತ್ತೆಯ ಪರೀಕ್ಷೆ ಅದು: ಬತ್ತಿ ಚಟಚಟ ಎಂದರೆ ಸೊಪ್ಪಿನ ನೀರು ಇನ್ನೂ ಉಳಿದಿದೆ, ಕಮಟು ಹೊಗೆ ಬಂದರೆ ಎಣ್ಣೆ ಸೀದಿದೆ, ಸದ್ದಿಲ್ಲದೆ, ಘಮಘಮಿಸಿ ಉರಿದರೆ ಹದ. ಅವರು ಕಡ್ಡಿ ಗೀರಿದರು.

ಬತ್ತಿ ಹತ್ತಿಕೊಂಡಿತು. ಜ್ವಾಲೆ ಸದ್ದು ಮಾಡಲಿಲ್ಲ. ನೆಟ್ಟಗೆ ನಿಂತು ತಣ್ಣಗೆ ಉರಿಯಿತು. ಹಿತ್ತಲಿನ ಹಳೆಯ ಪರಿಮಳ ಅಂಗಳವನ್ನೆಲ್ಲ ತುಂಬಿತು.

"ಅಮ್ಮೀ, ದಾದಿ ಕಾಯಿಸಿದ ಹಾಗೇ ಇದೆ," ಎಂದ ಫೈಸಲ್, ಅಜ್ಜಿಯನ್ನು ನೆನೆದು.

ನೂರ್ಜಹಾನ್ ಕಣ್ಣೊರೆಸಿಕೊಂಡು, ಎಣ್ಣೆ ಆರಿದ ಮೇಲೆ ಮೊದಲ ಸೀಸೆಯನ್ನು ತುಂಬಿ ಆದಿಲಕ್ಷ್ಮಿಯ ಕೈಗಿಟ್ಟರು. ರಾಮಾಂಜಿನಪ್ಪನವರ ನುಣ್ಣನೆಯ ತಲೆಯನ್ನು ನೋಡಿ, "ಅಣ್ಣಂಗೆ ಮಾತ್ರ ಸ್ವಲ್ಪ ತಡ ಆಯ್ತು," ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವರು ರಾಮಾಂಜಿನಪ್ಪನವರೇ.

ಈಗ ಹಲಸೂರಿನ ಅಂಗಡಿಯ ಹಿಂದಿನ ಕೋಣೆಗೊಂದು ಪರದೆ ಬಂದಿದೆ, ಒಳಗೆ ಎರಡು ಕುರ್ಚಿಗಳಿವೆ. ಮೊನ್ನೆ ವಾಜಿದ್ ಬೆಂಚಿನ ಮೇಲೆ ಕೂತು ಲೋಕಾಭಿರಾಮವಾಗಿ ಕೇಳಿದರು:

"ಏನ್ ಅಪ್ಪಾವ್ರೇ, ನಮ್ಮ ನೂರ್ಜಹಾನ್ ಆಪಾಗೆ ದೊಡ್ಡ ಹೀಟರ್ ಮಾಡಿಕೊಟ್ರಂತೆ. ಹಂಡೆಯಲ್ಲಿ ಏನೇನು ಹಾಕ್ತಾರೆ?"

"ಸಾಬ್ರೇ, ನಿಮ್ಮ ಹಂಡೆಯಲ್ಲಿ ಏನಿದೆ ಅಂತ ನಾಳೆ ಅವರು ಬಂದು ಕೇಳಿದ್ರೆ ಹೇಳ್ಲಾ?"

ವಾಜಿದ್ ಬೆಂಚಿನ ಇನ್ನೊಂದು ತುದಿಯಲ್ಲಿದ್ದವರನ್ನು ಓರೆಗಣ್ಣಿನಿಂದ ನೋಡಿದರು. ಆಮೇಲೆ ಎದ್ದು, ತಾವೇ ಪರದೆ ಸರಿಸಿ ಒಳಗೆ ಹೋಗಿ ಕುಳಿತರು.

"ಬನ್ನಿ ಅಪ್ಪಾವ್ರೇ," ಎಂಬ ಮೆಲುದನಿ ಒಳಗಿನಿಂದ ಬಂತು. "ನನಗೂ ಒಂದು ಹೀಟರ್ ಬೇಕು."