ಹದಿನೇಳು ಮಾತ್ರೆ

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಮುಖ ಮರೆಸಿಕೊಳ್ಳಲು ಜಾಗವಿಲ್ಲ. ಮೂರು ಗೋಡೆಗೂ ಕನ್ನಡಿ, ಮೇಜಿನ ಮೇಲೆ ಇನ್ನೊಂದು ಗುಂಡು ಕನ್ನಡಿ. ಬಂದವರ ಎರಡು ಕಣ್ಣುಗಳ ನಡುವೆ ಎಷ್ಟು ದೂರವಿದೆ ಎಂದು ಪುಟ್ಟ ಸ್ಕೇಲು ಹಿಡಿದು ಅಳೆಯಬೇಕು. ಅಳೆಯುವಾಗ ಗೇಣು ದೂರದಲ್ಲಿ ಕೂತು, "ನನ್ನ ಮೂಗನ್ನೇ ನೋಡ್ತಿರಿ, ಅಲ್ಲಾಡ್ಬೇಡಿ" ಎನ್ನಬೇಕು. ಎಲ್ಲರೂ ಹೇಳಿದಂತೆಯೇ ನೋಡುತ್ತಿದ್ದರು. ಅದೇ ಅವಳ ಕಷ್ಟ.

ಊರವರ ಬಾಯಲ್ಲಿ ಅವಳು ಕನ್ನಡಕದಕ್ಕ. ಹದಿನೆಂಟು ವರ್ಷದಿಂದ ಅದೇ ಕುರ್ಚಿ, ಅದೇ ಸ್ಕೇಲು. ಕಡ್ಡಿ ಸಡಿಲವಾದರೆ ಬಿಸಿ ಗಾಳಿಗೆ ಹಿಡಿದು ಬಗ್ಗಿಸುವುದರಲ್ಲಿ ಅವಳ ಕೈ ಪಳಗಿದ್ದು. ನಲವತ್ತೊಂದು ತುಂಬಿದ ಮೇಲೆ ಅವಳ ಗಲ್ಲದ ಸುತ್ತ, ದವಡೆಯ ಅಂಚಿನುದ್ದಕ್ಕೂ ಮೊಡವೆ ಎದ್ದವು. ಹರೆಯದಲ್ಲಿ ಬಂದು ಹೋಗುವ ಸಣ್ಣ ಗುಳ್ಳೆಗಳಲ್ಲ. ಒಳಗೇ ಗಂಟು ಕಟ್ಟಿ, ಮುಟ್ಟಿದರೆ ಕಿವಿಯವರೆಗೆ ನೋವು ಹರಿಯುವಂಥವು. ಒಂದು ಆರುವಷ್ಟರಲ್ಲಿ ಪಕ್ಕದಲ್ಲಿ ಮತ್ತೊಂದು.

ಒಂದು ದಿನ ಐದಾರು ವರ್ಷದ ಹುಡುಗಿಯೊಬ್ಬಳಿಗೆ ಮೊದಲ ಕನ್ನಡಕ ಹಾಕಿಸಬೇಕಾಗಿತ್ತು. ಅವಳು ಕಡ್ಡಿಗಳನ್ನು ಮಗುವಿನ ಕಿವಿಯ ಹಿಂದೆ ಕೂರಿಸಿ ಕೈ ತೆಗೆದಳು. ಹುಟ್ಟಿದಾಗಿನಿಂದ ಎಲ್ಲವನ್ನೂ ಮಸುಕಾಗಿ ಕಂಡಿದ್ದ ಮಗು ಎರಡು ಸಲ ರೆಪ್ಪೆ ಬಡಿದು, ತನ್ನೆದುರಿಗೆ ಮೊದಲ ಬಾರಿಗೆ ಸ್ಪಷ್ಟವಾಗಿ ಕಂಡದ್ದನ್ನು ಹೇಳಿತು.

"ಅಮ್ಮಾ, ಈ ಆಂಟಿ ಮುಖ ಎಲ್ಲಾ ಗಾಯ."

ಮರುದಿನ ಅಂಗಡಿಯ ಯಜಮಾನರು ಕೆಮ್ಮಿ ಕೆಮ್ಮಿ ಮಾತು ತೆಗೆದರು. "ಅಕ್ಕ, ಸ್ವಲ್ಪ ದಿನ ಒಳಗಡೆ ಗಾಜು ಉಜ್ಜೋ ಮಿಷಿನ್ ಹತ್ರ ಕೂತ್ಕೊಳ್ಳಿ. ಅಲ್ಲಿ ಕೆಲ್ಸ ಜಾಸ್ತಿ ಆಗಿದೆ."

ಅಲ್ಲಿ ಕೆಲಸ ಜಾಸ್ತಿಯಾಗಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ತಲೆನೋವು ಎಂದು ಮನೆಯಲ್ಲಿ ಹೇಳಿ ಅವಳು ಚರ್ಮದ ಡಾಕ್ಟರಮ್ಮನ ಹತ್ತಿರ ಹೋದಳು. ಡಾಕ್ಟರಮ್ಮ ದೀಪ ಹಿಡಿದು ನೋಡಿ, ರಕ್ತ ಪರೀಕ್ಷೆ ಮಾಡಿಸಿ, ನಾಲ್ಕು ದಿನ ಬಿಟ್ಟು ಕರೆಸಿ ಕೂರಿಸಿಕೊಂಡು ಹೇಳಿದರು. "ಇದು ಹಾರ್ಮೋನಿಂದ ಬರೋದು. ಗಂಡಸರ ಹಾರ್ಮೋನು ಅಂತೀವಲ್ಲ, ಅದು ಹೆಂಗಸರ ಮೈಯಲ್ಲೂ ಚೂರು ಇರುತ್ತೆ. ಅದು ಚರ್ಮದಲ್ಲಿ ಎಣ್ಣೆ ಜಾಸ್ತಿ ಮಾಡುತ್ತೆ. ಈ ಮಾತ್ರೆ ಅದಕ್ಕೆ ಅಡ್ಡ ನಿಲ್ಲುತ್ತೆ. ಮೊದಲಿಂದ ಇದನ್ನ ಬಿಪಿಗೆ, ಹೃದಯಕ್ಕೆ ಅಂತ ಕೊಡ್ತಾರೆ. ಮೂರು ತಿಂಗಳು ತಡ್ಕೋಬೇಕು. ಮೂತ್ರಕ್ಕೆ ಜಾಸ್ತಿ ಹೋಗ್ಬೇಕಾಗುತ್ತೆ. ಬಸಿರಾಗೋ ಹಾಗಿಲ್ಲ. ಬೇರೆ ಯಾರಿಗೂ ಕೊಡ್ಬೇಡಿ, ಅದು ನೆನಪಿರ್ಲಿ."

ಎದ್ದು ನಿಂತವಳನ್ನು ಅವರೇ ಕೇಳಿದರು. "ಮಗಳಿದ್ದಾಳಾ? ಅವಳಿಗೂ ಇದೆಯಾ?"

"ಹದಿನಾರು ವರ್ಷ. ಹಣೆ ತುಂಬಾ ಇದೆ."

"ಕರ್ಕೊಂಡ್ ಬನ್ನಿ. ಕಲೆ ಬೀಳೋಕೆ ಮುಂಚೆ."

ಅವಳು ಹೂಂ ಎಂದು ಬಂದಳು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಉಳಿದದ್ದು ಗಂಡಸರ ಹಾರ್ಮೋನು ಎಂಬ ಒಂದೇ ಮಾತು. ಎರಡು ಹೆರಿಗೆಯ ಮೈ, ಒಂದು ಮಗು ಉಳಿದ ಮೈ. ಇದನ್ನು ಯಾರ ಮುಂದೆ ಹೇಳುವುದು?

ಬಾಗಿಲಲ್ಲೇ ಅತ್ತೆ ಕೇಳಿದರು. "ಏನಂದ್ರು ಡಾಕ್ಟ್ರು?"

"ಬಿಪಿ ಅಂತೆ ಅತ್ತೆ. ಮಾತ್ರೆ ಕೊಟ್ಟಿದ್ದಾರೆ."

ಮಾತ್ರೆಯ ಜೊತೆ ಬಂದ ಕಾಗದದಲ್ಲೂ ಹಾಗೆಯೇ ಅಚ್ಚಾಗಿತ್ತು. ಅದನ್ನು ನೆನೆದು ಅವಳು ಸಮಾಧಾನ ಮಾಡಿಕೊಂಡಳು.

ಆದರೆ ಆ ಒಂದು ಸುಳ್ಳನ್ನು ಮನೆಯವರೆಲ್ಲ ಸೇರಿ ಸಾಕತೊಡಗಿದರು. ಅತ್ತೆಗೆ ಹನ್ನೆರಡು ವರ್ಷದಿಂದ ಬಿಪಿ. ತಮಗೊಬ್ಬಳು ಜೊತೆ ಸಿಕ್ಕಳೆಂದು ಅವರು ಅಡುಗೆಗೆ ಉಪ್ಪು ಅರ್ಧ ಮಾಡಿದರು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಊರಿನವರನ್ನೆಲ್ಲ ಮೇಲೆ ಕೆಳಗೆ ಸಾಗಿಸುವ ಅವನ ಸ್ವಂತ ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟಿಲ್ಲದ ಕಟ್ಟಡದಲ್ಲಿತ್ತು. ಅವನು ದಿನವೂ ಸಂಜೆ ಕೆಳಗೆ ಬಂದು ಅವಳ ಕೈಯಿಂದ ಚೀಲ ಇಸಿದುಕೊಂಡು, "ನಿಧಾನ ಹತ್ತೇ, ಉಸಿರು ಕಟ್ಟುತ್ತೆ" ಎನ್ನುತ್ತಿದ್ದ. ಸಪ್ಪೆ ಊಟವನ್ನು ಗೊಣಗದೆ ಉಣ್ಣುತ್ತಿದ್ದ. ಅವಳು ತಲೆ ತಗ್ಗಿಸಿ ಉಣ್ಣುತ್ತಿದ್ದಳು.

ಅತ್ತೆಯ ಮಾತ್ರೆಗಳು ಅಡುಗೆಮನೆಯ ಕಿಟಕಿಯ ಪಕ್ಕದ ತಗಡಿನ ಡಬ್ಬಿಯಲ್ಲಿರುತ್ತಿದ್ದವು. ಬಿಪಿಯದೆಂದ ಮೇಲೆ ಅಡಗಿಸಿಡುವುದು ಹೇಗೆ? ಅವಳ ಮಾತ್ರೆಯ ಶೀಟೂ ಅದೇ ಡಬ್ಬಿ ಸೇರಿತು.

ಎರಡು ತಿಂಗಳು ಏನೂ ಆಗಲಿಲ್ಲ. ಮೂರನೆಯ ತಿಂಗಳಲ್ಲಿ ಹೊಸ ಗಂಟುಗಳು ಏಳುವುದು ನಿಂತಿತು. ಹಳೆಯವು ಕಂದು ಚುಕ್ಕೆಯಾಗಿ ಮಾಸಿದವು. ಯಜಮಾನರು, "ಅಕ್ಕ, ಒಳಗೆ ಕೆಲ್ಸ ಕಡಿಮೆ ಆಯ್ತು" ಎಂದರು. ಅವಳು ಮತ್ತೆ ಕನ್ನಡಿಗಳ ನಡುವೆ ಬಂದು ಕೂತಳು.

ಆ ವಾರವೇ ಮಗಳು ಸಿಂಕಿನ ಹತ್ತಿರ ಅವಳನ್ನು ತಡೆದಳು. ಹಣೆಯ ಮೇಲೆ ಕೂದಲು ಇಳಿಬಿಟ್ಟು ಓಡಾಡುತ್ತಿದ್ದ ಹುಡುಗಿ. ಶಾಲೆಯಲ್ಲಿ ತೆಗೆದ ಗುಂಪಿನ ಫೋಟೋದಿಂದ ತನ್ನ ಮುಖವೊಂದನ್ನೇ ಕತ್ತರಿಸಿ ಎಸೆದಿದ್ದಳು.

"ಅಮ್ಮ, ನಿಂಗೆ ಹೇಗೆ ಹೋಯ್ತು? ಏನ್ ಹಚ್ಕೊಂಡೆ, ಹೇಳು."

ಹೇಳಬಹುದಿತ್ತು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಆದರೆ ಮಗಳಿಗೆ ಹೇಳಿದರೆ ಮಾತು ಅತ್ತೆಗೆ ಹೋಗುತ್ತದೆ, ಅತ್ತೆಯಿಂದ ಗಂಡನಿಗೆ. ಮೂರು ತಿಂಗಳ ಸಪ್ಪೆ ಊಟಕ್ಕೆ ಉತ್ತರ ಕೊಡಬೇಕಾಗುತ್ತದೆ.

"ಏನೂ ಇಲ್ಲಮ್ಮ. ತಣ್ಣೀರಲ್ಲಿ ತೊಳೀತಿದ್ದೆ ಅಷ್ಟೇ."

"ಬರೀ ತಣ್ಣೀರಾ?"

"ಬರೀ ತಣ್ಣೀರು."

ಮಗಳು ನಂಬಿದಳು. ನಂಬದಿದ್ದರೆ ಚೆನ್ನಾಗಿತ್ತು ಎಂದು ತಾಯಿಗೆ ಅನಿಸಿತು.

ಅದಾಗಿ ಸ್ವಲ್ಪ ದಿನಕ್ಕೆ ಶೀಟಿನಲ್ಲಿ ಮಾತ್ರೆ ಕಡಿಮೆಯಾಗತೊಡಗಿದವು. ಅಂಗಡಿ ಮುಚ್ಚುವ ಮೊದಲು ದಿನವೂ ಫ್ರೇಮುಗಳನ್ನು ಎಣಿಸಿಡುವ ಕೈ ಅವಳದು. ಎಣಿಸದೆ ಏನನ್ನೂ ಮುಟ್ಟುವುದು ಅವಳಿಗೆ ಬರುತ್ತಿರಲಿಲ್ಲ. ಅವಳು ಒಂದು ನುಂಗಿದರೆ ಎರಡು ಗುಳಿ ಖಾಲಿ. ಮಾರನೆಯ ದಿನವೂ ಹಾಗೇ. ಮೂರನೆಯ ದಿನವೂ.

ಅವಳ ಮನಸ್ಸು ನೇರ ಮಗಳ ಕಡೆಗೆ ಹೋಯಿತು. ಹಿಂದೊಮ್ಮೆ ಆ ಶೀಟನ್ನು ಬೆಳಕಿಗೆ ಹಿಡಿದು, "ಇದರ ಹೆಸರೇನು ಇಷ್ಟುದ್ದ" ಎಂದು ಓದಿದ್ದಳು. ಕೈಯಲ್ಲಿ ಫೋನಿದೆ, ಹುಡುಕಿ ತಿಳಿದುಕೊಂಡಿರಬೇಕು. ಮೇಲಾಗಿ ಈಚೆಗೆ ಗಂಟೆಗೊಂದು ಸಲ ಬಚ್ಚಲಿಗೆ ಹೋಗುತ್ತಿದ್ದಾಳೆ. ಮಾತ್ರೆ ತಿಂದವರು ಹಾಗೆ ಹೋಗುವುದು ತನಗೆ ಗೊತ್ತಿಲ್ಲವೇ. ಅತ್ತೆಯೂ ಪದೇ ಪದೇ ಏಳುತ್ತಿದ್ದರು. ವಯಸ್ಸಾದವರು ಏಳುವುದೇ ಎಂದುಕೊಂಡಳು.

ಕೇಳಬೇಕು ಎಂದು ಬಾಯಿ ತುದಿಗೆ ಬರುತ್ತಿತ್ತು. ಕೇಳಿದರೆ, "ಅಂದ್ರೆ ಇದು ಮೊಡವೆ ಮಾತ್ರೆನಾ" ಎಂದು ತಿರುಗಿ ಕೇಳುತ್ತಾಳೆ. ಆಮೇಲೆ ಅವಳಿಗೆ ಇನ್ನೊಂದು ಯೋಚನೆ ಬಂತು. ತಿಂದರೆ ತಿನ್ನಲಿ. ಅವಳ ಮುಖವೂ ತಿಳಿಯಾಗಲಿ. ತಾನು ಬಾಯಿ ಬಿಡದೆಯೇ ಕೆಲಸ ಆಗುತ್ತದಲ್ಲ. ಬೇರೆ ಯಾರಿಗೂ ಕೊಡಬೇಡಿ ಎಂದ ಡಾಕ್ಟರಮ್ಮನ ಮಾತು ನೆನಪಾದಾಗ, ನಾನೇನು ಕೊಟ್ಟಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಶೀಟು ಮುಗಿದಾಗ ಔಷಧಿ ಅಂಗಡಿಗೆ ಹೋಗಿ ಎರಡು ಶೀಟು ತಂದು ಅದೇ ಡಬ್ಬಿಯಲ್ಲಿಟ್ಟಳು.

ಹದಿನೆಂಟನೆಯ ದಿನ ಬೆಳಿಗ್ಗೆ ಅತ್ತೆ ಹಾಸಿಗೆಯಿಂದ ಏಳಲಿಲ್ಲ. "ಕಾಲು ನಂದಲ್ಲ ಅನ್ಸುತ್ತೆ ಕಣೇ" ಎಂದರು. ಕೈ ಹಿಡಿದರೆ ನಾಡಿ ಸಿಕ್ಕಿ ಸಿಕ್ಕಿ ತಪ್ಪುತ್ತಿತ್ತು. ಗಂಡ ತಾಯಿಯನ್ನು ಬೆನ್ನ ಮೇಲೆ ಹೊತ್ತು ಮೂರು ಮಹಡಿ ಇಳಿದ. ಮಗಳು ಹಿಂದಿನಿಂದ ಅಜ್ಜಿಯ ಪಾದ ಹಿಡಿದುಕೊಂಡು ಇಳಿದಳು. ಕನ್ನಡಕದಕ್ಕನ ಕೈಯಲ್ಲಿ ತಗಡಿನ ಡಬ್ಬಿಯಿತ್ತು.

ಆಸ್ಪತ್ರೆಯಲ್ಲಿ ಅತ್ತೆಯ ಎದೆಗೆ ವೈರುಗಳನ್ನು ಅಂಟಿಸಿದರು. ರಕ್ತ ತೆಗೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಎಳೆ ಪ್ರಾಯದ ಡಾಕ್ಟರು ಚೀಟಿ ಹಿಡಿದು ಬಂದರು.

"ರಕ್ತದಲ್ಲಿ ಪೊಟ್ಯಾಸಿಯಂ ತುಂಬ ಏರಿದೆ. ಹೃದಯಕ್ಕೆ ಒಳ್ಳೇದಲ್ಲ. ಏನೇನು ಮಾತ್ರೆ ತಗೋತಾರೆ ಇವ್ರು?"

ಗಂಡ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು ಮೇಜಿನ ಮೇಲಿಟ್ಟ. "ಇವು ಅಮ್ಮಂದು ಸಾರ್. ಈ ಶೀಟು ನನ್ನ ಹೆಂಡ್ತೀದು. ಅವಳಿಗೂ ಬಿಪಿ."

ಡಾಕ್ಟರು ಆ ಶೀಟನ್ನೇ ಎತ್ತಿ ಓದಿದರು. "ಇದನ್ನ ಅಜ್ಜಿ ಏನಾದ್ರೂ ತಗೊಂಡಿದ್ದಾರಾ?"

"ಇಲ್ಲ ಸಾರ್. ಅವರದು ಬೇರೆ" ಎಂದ ಗಂಡ.

"ಸರಿಯಾಗಿ ಯೋಚ್ನೆ ಮಾಡಿ. ಅವರ ಮಾತ್ರೆ ಜೊತೆ ಇದು ಸೇರಿದ್ರೆ ಹೀಗೇ ಆಗೋದು. ತಗೊಂಡಿದ್ರೆ ಎಷ್ಟು ದಿನದಿಂದ ಅಂತ ನಮಗೆ ಗೊತ್ತಾಗ್ಬೇಕು. ಅವರನ್ನ ಕೇಳೋಣ ಅಂದ್ರೆ ಮಾತು ಸ್ಪಷ್ಟ ಬರ್ತಿಲ್ಲ."

ಅವಳಿಗೆ ಆಗ ಹೊಳೆಯಿತು. ಮಗಳಲ್ಲ. ಅತ್ತೆ. ತಗೊಂಡಿರಬಹುದು ಎಂದುಬಿಟ್ಟರೆ ಸಾಕಿತ್ತು. ಮುದುಕಿ ತಿಳಿಯದೆ ತಿಂದಳು ಎಂದು ಎಲ್ಲರೂ ಒಪ್ಪುತ್ತಿದ್ದರು. ಆದರೆ ಡಾಕ್ಟರು ಎಷ್ಟು ದಿನ ಎಂದು ಕೇಳುತ್ತಿದ್ದರು. ದಿನ ಗೊತ್ತಿದ್ದದ್ದು ಅವಳೊಬ್ಬಳಿಗೆ. ಗೋಡೆಯ ಆಚೆ ಯಂತ್ರ ನಿಧಾನವಾಗಿ ಕುಂಯ್ಗುಡುತ್ತಿತ್ತು, ಒಂದು ಸದ್ದಿಗೂ ಇನ್ನೊಂದಕ್ಕೂ ನಡುವೆ ಬಹಳ ಬಿಡುವಿತ್ತು.

"ಹದಿನೇಳು ದಿನ" ಎಂದಳು. "ದಿನಕ್ಕೊಂದು."

"ಖಂಡಿತಾನಾ?"

"ಎಣಿಸಿದ್ದೀನಿ ಸಾರ್."

ಡಾಕ್ಟರು ಬರೆದುಕೊಂಡರು. "ನಿಮಗೆ ಎಷ್ಟು ವರ್ಷದಿಂದ ಬಿಪಿ?"

"ನಂಗೆ ಬಿಪಿ ಇಲ್ಲ. ಅದು ಮೊಡವೆಗೆ ಕೊಟ್ಟಿದ್ದು."

ಡಾಕ್ಟರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ತಲೆಯಾಡಿಸಿ, ನರ್ಸನ್ನು ಕೂಗುತ್ತಾ ಒಳಗೆ ಹೋದರು. ಗಂಡ ಅವಳ ಮುಖವನ್ನು, ಅದರಲ್ಲೂ ಗಲ್ಲವನ್ನು, ಅಂಗಡಿಗೆ ಬಂದವರು ನೋಡುವಂತೆ ನೋಡಿದ.

"ಮೊಡವೆಗಾ?" ಎಂದ. ಬಯ್ದಿದ್ದರೆ ವಾಸಿಯಿತ್ತು. ಅವನು ಅಷ್ಟು ಹೇಳಿ ಬೆಂಚಿನ ಮೇಲೆ ಕೂತು, ತಾಯಿಯ ಚಪ್ಪಲಿಗಳನ್ನು ಜೋಡಿಸಿಡತೊಡಗಿದ.

ಮಗಳು ನಿಂತೇ ಇದ್ದಳು. "ಎಣಿಸಿದ್ಯಾ?" ಎಂದಳು. "ಹದಿನೇಳು ದಿನ ಎಣಿಸ್ಕೊಂಡು ಸುಮ್ನಿದ್ಯಾ? ಯಾರು ತಗೋತಿದ್ದಾರೆ ಅಂದ್ಕೊಂಡಿದ್ದೆ?"

ಅವಳು ನೆಲ ನೋಡಿದಳು. "ನೀನು ಅಂದ್ಕೊಂಡೆ."

"ನಾನು ಅಂದ್ಕೊಂಡು, ನನ್ನನ್ನೇ ಕೇಳ್ಲಿಲ್ವಾ?"

"ಬಚ್ಚಲಿಗೆ ಅಷ್ಟು ಸಲ ಹೋಗ್ತಿದ್ದೆಯಲ್ಲ, ಅದಕ್ಕೆ…"

"ಮುಖ ತೊಳ್ಕೊಳೋಕೆ ಹೋಗ್ತಿದ್ದೆ ಅಮ್ಮ. ತಣ್ಣೀರು ಅಂದ್ಯಲ್ಲ."

ಮಗಳು ಕೂದಲನ್ನು ಹಣೆಯ ಮೇಲೆ ಇನ್ನಷ್ಟು ಎಳೆದುಕೊಂಡು, ಅಪ್ಪನ ಪಕ್ಕದಲ್ಲಿ ಹೋಗಿ ಕೂತಳು.

ಮಾತ್ರೆ ನಿಲ್ಲಿಸಿ, ಡ್ರಿಪ್ ಹಾಕಿ, ಮೂರು ದಿನ ಇಟ್ಟುಕೊಂಡರು. ಎರಡನೆಯ ದಿನವೇ ಅತ್ತೆ ದಿಂಬಿಗೆ ಒರಗಿ ಕೂತರು. ಸೊಸೆಯನ್ನು ಹತ್ತಿರ ಕರೆದರು. ಅವಳು ಎಲ್ಲವನ್ನೂ ಒಂದೊಂದಾಗಿ ಹೇಳಿದಳು, ಎರಡು ಶೀಟು ತಂದಿಟ್ಟದ್ದನ್ನೂ ಬಿಡದೆ.

ಕೇಳಿ ಮುಗಿದ ಮೇಲೆ ಅತ್ತೆಯ ಹೊಟ್ಟೆ ನಗೆಯಿಂದ ಕುಲುಕತೊಡಗಿತು. "ನಿನ್ನ ಮುಖ ದಿನ ದಿನಕ್ಕೆ ಬೆಳಗ್ತಾ ಇತ್ತು ಕಣೇ. ಇವಳ ಬಿಪಿ ಮಾತ್ರೆ ಒಳ್ಳೇ ಕಂಪನೀದು, ನಂದು ಸೀಮೆಸುಣ್ಣ ಅಂದ್ಕೊಂಡೆ. ನಂದೂ ತಗೊಂಡು ನಿಂದೂ ತಗೊಂಡೆ. ನೋಡು, ಎಪ್ಪತ್ತೆರಡು ವರ್ಷದ ಈ ಮುಖಕ್ಕೆ ಮೊಡವೆ ಮಾತ್ರೆ."

"ಒಂದು ಮಾತು ಕೇಳ್ಬಾರ್ದಿತ್ತಾ ಅತ್ತೆ?"

"ನಾಚಿಕೆ ಆಯ್ತು. ಈ ವಯಸ್ಸಲ್ಲಿ ಸೊಸೆ ಹತ್ರ ಕೈ ಚಾಚೋದಾ ಅಂತ." ಅತ್ತೆ ಕಣ್ಣು ಒರೆಸಿಕೊಂಡರು. ನಗೆ ನಿಂತಿತ್ತು. "ನಂದು ಬಿಡು. ನಾನು ಕದ್ದವಳು. ಆ ಹುಡುಗಿ ಏನ್ ಮಾಡಿತ್ತು? ದಿನಾ ಆ ಕೊರೆಯೋ ನೀರಲ್ಲಿ…"

ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಮನೆಗೆ ಬಂದ ಮೇಲೆ ಉಪ್ಪಿನ ಡಬ್ಬಿ ಮೇಜಿನ ಮೇಲೆ ಬಂತು. ಗಂಡ ತನ್ನ ತಟ್ಟೆಗೆ ಉದುರಿಸಿಕೊಂಡು, ಡಬ್ಬಿಯನ್ನು ಅವಳ ಕಡೆ ಸರಿಸುತ್ತಿದ್ದ. ಚೀಲ ಹಿಡಿಯಲು ಕೆಳಗೆ ಬರುವುದು ನಿಂತಿತು. ಅವಳಿಗೆ ಮೂರು ಮಹಡಿ ಬಹಳ ಎತ್ತರವೆನಿಸಿತು.

ಅದರ ಮುಂದಿನ ವಾರ ಅವಳು ಅಂಗಡಿಗೆ ರಜೆ ಹಾಕಿ ಮಗಳನ್ನು ಚರ್ಮದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಹುಡುಗಿ ಬರುವುದಿಲ್ಲ ಎನ್ನಲಿಲ್ಲ, ಬರುತ್ತೇನೆಂದೂ ಅನ್ನಲಿಲ್ಲ. ಕಾಯುವ ಕೋಣೆಯಲ್ಲಿ ನಡುವೆ ಒಂದು ಕುರ್ಚಿ ಬಿಟ್ಟು ಕೂತಳು.

ಡಾಕ್ಟರಮ್ಮ ಅವಳ ಹಣೆಯ ಕೂದಲು ಸರಿಸಿ ದೀಪ ಹಿಡಿದರು. ಗುಳ್ಳೆಗಳ ಸುತ್ತ ಚರ್ಮ ಕೆಂಪಾಗಿ ಸಿಪ್ಪೆ ಏಳುತ್ತಿತ್ತು.

"ಇಷ್ಟು ಒಣಗಿಸ್ಕೊಂಡಿದ್ದೀಯಲ್ಲ. ದಿನಕ್ಕೆ ಎಷ್ಟು ಸಲ ತೊಳೀತೀಯ?"

"ಹತ್ತು ಸಲ. ಒಂದೊಂದು ದಿನ ಹನ್ನೆರಡು."

"ಅಯ್ಯೋ ಮಗು. ಹಾಗೆ ಮಾಡು ಅಂತ ಯಾರು ಹೇಳಿದ್ದು?"

ಮಗಳು ತಾಯಿಯ ಕಡೆ ತಿರುಗಲಿಲ್ಲ. ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು.

"ಯಾರೋ ಹೇಳಿದ್ರು."

ಡಾಕ್ಟರಮ್ಮ ಪೆನ್ನು ಎತ್ತಿಕೊಂಡರು. ಅವರಿಗೆ ಅದು ಅಷ್ಟು ಮುಖ್ಯವೂ ಆಗಿರಲಿಲ್ಲ. ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಕನ್ನಡಕದಕ್ಕ ಮಗಳ ಉಗುರನ್ನು ನೋಡಿದಳು. ತನ್ನನ್ನು ಕಾಯುವ ಕೆಲಸವನ್ನು ಈ ಹುಡುಗಿಯ ಮೇಲೆ ಹೊರಿಸಿ ಮತ್ತೊಮ್ಮೆ ಮನೆಗೆ ಹೋಗುವುದೇ?

"ನಾನೇ ಹೇಳಿದ್ದು ಡಾಕ್ಟ್ರೇ" ಎಂದಳು. "ನಿಮ್ಮ ಮಾತ್ರೆ ತಗೋತಾ ಇದ್ದು, ಇವಳಿಗೆ ತಣ್ಣೀರು ಅಂತ ಸುಳ್ಳು ಹೇಳಿದೆ. ನೀವು ಕರ್ಕೊಂಡ್ ಬನ್ನಿ ಅಂದಿದ್ರಿ. ನಾನು ಕರ್ಕೊಂಡ್ ಬರ್ಲಿಲ್ಲ."

ಡಾಕ್ಟರಮ್ಮ ಒಮ್ಮೆ ಅವಳನ್ನು, ಒಮ್ಮೆ ಮಗಳನ್ನು ನೋಡಿ, ಮುಲಾಮಿನ ಹೆಸರು ಬರೆಯತೊಡಗಿದರು. ಮೊದಲು ಇದನ್ನು ಹಚ್ಚೋಣ, ಮಾತ್ರೆಯ ಮಾತು ಆಮೇಲೆ ನೋಡೋಣ ಎಂದರು. ಮಗಳ ಉಗುರು ಮೇಜಿನ ಅಂಚಿನ ಮೇಲೆ ನಿಂತಿತ್ತು.

ಹೊರಗೆ ಬಂದಾಗ ಔಷಧಿಯ ಚೀಟಿ ಮಗಳ ಕೈಯಲ್ಲೇ ಇತ್ತು. ಅವಳು ರಸ್ತೆ ದಾಟಿ, ಔಷಧಿ ಅಂಗಡಿಯ ಮೆಟ್ಟಿಲ ಹತ್ತಿರ ನಿಂತು, ಆ ಚೀಟಿಯನ್ನು ತಾಯಿಯ ಮುಂದೆ ಹಿಡಿದಳು.

"ಓದು" ಎಂದಳು. "ಏನ್ ಬರೆದಿದೆಯೋ ಅದನ್ನೇ ಓದು."

ಅಕ್ಷರಗಳು ಸಣ್ಣವಿದ್ದವು. ಅವಳು ಚೀಟಿಯನ್ನು ಕಣ್ಣಿನ ಹತ್ತಿರ ತಂದು, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದತೊಡಗಿದಳು.